ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು: ಐಷಾರಾಮಿ ಎಸ್‌ಯುವಿಗಳ ದುರಸ್ತಿ ಖರ್ಚು ಎಲ್ಲಿ ಹುಟ್ಟುತ್ತದೆ

ಏಳೆಂಟು ವರ್ಷದ ಹಿಂದೆ 60 ಲಕ್ಷ ಕೊಟ್ಟು ಶೋರೂಮಿನಿಂದ ತಂದ ಜರ್ಮನ್ ಎಸ್‌ಯುವಿ ಇವತ್ತು ಹೊಸ ಕ್ರೆಟಾದ ಟಾಪ್ ಮಾಡೆಲ್ ಬೆಲೆಗೆ ಸಿಗುತ್ತದೆ. ಇಳಿದದ್ದು ಗಾಡಿಯ ಬೆಲೆ ಮಾತ್ರ. ಅದರ ಹೆಡ್‌ಲ್ಯಾಂಪು, ಗೇರ್‌ಬಾಕ್ಸು, ಟರ್ಬೊ ಇವತ್ತಿಗೂ 60 ಲಕ್ಷದ ಗಾಡಿಯ ಸಾಮಾನುಗಳೇ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದದ್ದು ಸ್ವಲ್ಪ ಸಮಾಧಾನ, ಅಷ್ಟೆ. ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು ಎಂಬ ಗಾದೆ ಸೆಕೆಂಡ್ ಹ್ಯಾಂಡ್ ಐಷಾರಾಮಿ ಗಾಡಿಗೆ ಒಪ್ಪುವಷ್ಟು ಬೇರೆ ಯಾವುದಕ್ಕೂ ಒಪ್ಪುವುದಿಲ್ಲ.

ಹಾಗೆಂದು ಎಲ್ಲವೂ ಒಂದೇ ತಕ್ಕಡಿಯವಲ್ಲ. ಹತ್ತು ವರ್ಷ ಓಡಿಸಿದರೂ ಜೇಬು ಸುಡದವೂ ಇವೆ. ಯಾವುವು ಎಂದು ತಿಳಿಯಲು ಬಾನೆಟ್ಟಿನ ಮೇಲಿನ ಲಾಂಛನ ನೋಡಿ ಪ್ರಯೋಜನವಿಲ್ಲ, ಕೆಳಗೆ ಬಗ್ಗಿ ನೋಡಬೇಕು. ಪಿಸ್ಟನ್ನಿನ ತಾಳಕ್ಕೆ ಸರಿಯಾಗಿ ವಾಲ್ವುಗಳನ್ನು ತೆರೆದು ಮುಚ್ಚಿಸುವ ಟೈಮಿಂಗ್ ಚೈನ್ ಎಂಜಿನ್ನಿನ ಯಾವ ತುದಿಯಲ್ಲಿದೆ? ಗಾಡಿ ನಿಂತಿರುವುದು ಕಾಯಿಲ್ ಸ್ಪ್ರಿಂಗಿನ ಮೇಲೋ ಗಾಳಿಚೀಲದ ಮೇಲೋ? ಹೊಗೆ ಸೋಸುವ ವ್ಯವಸ್ಥೆ ನಿಮ್ಮ ದಿನನಿತ್ಯದ ಓಡಾಟಕ್ಕೆ ಹೊಂದುತ್ತದೆಯೇ? ಅದರ ಬಿಡಿಭಾಗಗಳು ಯಾವುದಾದರೂ ಸಾಮಾನ್ಯ ಗಾಡಿಯಲ್ಲೂ ಇವೆಯೇ?

ವರ್ಷಕ್ಕೊಮ್ಮೆ ಬರುವ ಸರ್ವಿಸ್ ಬಿಲ್ ಈ ಲೆಕ್ಕದಲ್ಲಿ ಚಿಕ್ಕದು. ಆಯಿಲ್, ಮೂರು ನಾಲ್ಕು ಫಿಲ್ಟರು, ಬ್ರೇಕ್ ಫ್ಲೂಯಿಡ್ ಬದಲಿಸುವುದಕ್ಕೆ ಯಾರೂ ಮನೆ ಮಾರಿಲ್ಲ. ನಿಜವಾದ ಪರೀಕ್ಷೆ ಬರುವುದು 80,000ದಿಂದ 1.2 ಲಕ್ಷ ಕಿ.ಮೀ. ನಡುವೆ. ಸಸ್ಪೆನ್ಷನ್ ಆರ್ಮುಗಳ ರಬ್ಬರ್ ಬುಷ್, ಎಂಜಿನ್ ಮೌಂಟು, ಗೇರ್‌ಬಾಕ್ಸ್ ಆಯಿಲ್, ಕೂಲಂಟ್ ಹರಿಯುವ ಪ್ಲಾಸ್ಟಿಕ್ ಭಾಗಗಳು, ಎರಡನೇ ಸುತ್ತಿನ ಟೈರು, ಬ್ರೇಕ್ ಡಿಸ್ಕು ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೇ ಸರದಿಗೆ ನಿಲ್ಲುತ್ತವೆ. ಮೊದಲ ಮಾಲೀಕರು ಗಾಡಿ ಮಾರಲು ಹೊರಡುವುದೂ ಬಹುಪಾಲು ಇದೇ ಹೊತ್ತಿಗೆ. ಅದು ಕಾಕತಾಳೀಯವಲ್ಲ.

ಚೈನ್ ವಿಷಯ ಮೊದಲು. ಬಿಎಂಡಬ್ಲ್ಯು ಎಕ್ಸ್1ರ ಮೊದಲ ತಲೆಮಾರಿನ 2 ಲೀಟರ್ ಡೀಸೆಲ್‌ನಲ್ಲಿದ್ದ ಎನ್47 ಎಂಜಿನ್ನಿನ ಟೈಮಿಂಗ್ ಚೈನ್ ಇರುವುದು ಹಿಂಬದಿಯಲ್ಲಿ, ಗೇರ್‌ಬಾಕ್ಸಿಗೆ ತಗಲುವ ತುದಿಯಲ್ಲಿ. ಅದನ್ನು ಸಾಲಿನಲ್ಲಿ ಹಿಡಿದಿಡುವ ಗೈಡು ಸವೆದು ಚೈನ್ ಸಡಿಲವಾದರೆ ಎಂಜಿನ್ ಹಿಂಭಾಗದಿಂದ ಕೆರೆಯುವ ಸದ್ದು ಬರುತ್ತದೆ. ಕೇಳಿಯೂ ಸುಮ್ಮನಿದ್ದು ಚೈನ್ ಹಾರಿತೆಂದರೆ ವಾಲ್ವು–ಪಿಸ್ಟನ್ ಡಿಕ್ಕಿ ಹೊಡೆದು ಎಂಜಿನ್ನೇ ಹೋಗುತ್ತದೆ. ಚೈನ್ ಕಿಟ್ ದುಬಾರಿಯಲ್ಲ, ಅಲ್ಲಿಗೆ ಕೈ ಹೋಗಲು ಎಂಜಿನ್ನನ್ನೋ ಗೇರ್‌ಬಾಕ್ಸನ್ನೋ ಇಳಿಸಬೇಕು. ಸಾಮಾನಿನ ಬೆಲೆಗಿಂತ ಕೂಲಿ ಹಲವು ಪಟ್ಟು ಆಗುವುದು ಹೀಗೆ. ಆಮೇಲೆ ಬಂದ ಬಿ47 ಎಂಜಿನ್ನಿನಲ್ಲೂ ಚೈನ್ ಹಿಂದೆಯೇ ಇದೆ, ಆದರೆ ವಿನ್ಯಾಸ ಸುಧಾರಿಸಿದೆ. ಅದಕ್ಕೇ 2016ರಲ್ಲಿ ಭಾರತಕ್ಕೆ ಬಂದ ಎರಡನೇ ತಲೆಮಾರಿನ ಎಕ್ಸ್1 ಹಳೆಯದಕ್ಕಿಂತ ಎಷ್ಟೋ ನೆಮ್ಮದಿಯ ಗಾಡಿ. ಮರ್ಸಿಡೀಸಿನ ಹಳೆಯ 2.1 ಲೀಟರ್ ಡೀಸೆಲ್ ಓಎಂ651ರಲ್ಲೂ ಚೈನ್ ಹಿಂಬದಿಯಲ್ಲೇ.

ಆಡಿ ಕ್ಯೂ3ಯ ಮೊದಲ ತಲೆಮಾರಿನ 2 ಲೀಟರ್ ಟಿಡಿಐ ಡೀಸೆಲ್ ಎಂಜಿನ್ನಿನಲ್ಲಿ ಚೈನ್ ಬದಲು ಬೆಲ್ಟ್ ಇದೆ. ‘ಬೆಲ್ಟಾ?’ ಎಂದು ಮೂಗು ಮುರಿಯುವವರು ಬಹಳ. ಆದರೆ ಬೆಲ್ಟಿಗೆ ಕೈಪಿಡಿಯಲ್ಲಿ ಬರೆದ ಆಯುಸ್ಸು ಇರುತ್ತದೆ, ಗೇರ್‌ಬಾಕ್ಸ್ ಇಳಿಸದೆ ಬದಲಿಸಬಹುದು. ಯಾವಾಗ, ಎಷ್ಟು ಎಂದು ಮೊದಲೇ ಗೊತ್ತಿರುವ ಖರ್ಚು ಹೇಳದೆ ಕೇಳದೆ ಬರುವ ಖರ್ಚಿಗಿಂತ ಯಾವತ್ತೂ ಮೇಲು. ಬೆಲ್ಟ್ ಬದಲಿಸುವಾಗ ಟೆನ್ಷನರ್, ಐಡ್ಲರ್ ಪುಲ್ಲಿ, ವಾಟರ್ ಪಂಪು ಮೂರನ್ನೂ ಒಟ್ಟಿಗೆ ಬದಲಿಸಿ. ಪಂಪು ಉಳಿಸಿ ಒಂದಿಷ್ಟು ಮಿಗಿಸಿದವರು ಅದು ಸೋರಿದಾಗ ಅದೇ ಕೂಲಿಯನ್ನು ಎರಡನೇ ಸಲ ಕೊಡುತ್ತಾರೆ.

ಚೈನ್ ಬಾಳಿಕೆಗೆ ನಮ್ಮ ಕೈಲಿರುವ ಉಪಾಯ ಒಂದೇ, ಆಯಿಲ್. ಜರ್ಮನ್ ಗಾಡಿಗಳ ಪರದೆಯ ಮೇಲೆ ಮುಂದಿನ ಸರ್ವಿಸ್ ಬಲು ದೂರ ತೋರಿಸುತ್ತದೆ. ಅದನ್ನು ನಂಬದೆ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಬದಲಿಸಿ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅರ್ಧ ಗಂಟೆ ನಿಂತ ಗಾಡಿಯ ಮೀಟರು ಓಡದಿದ್ದರೂ ಎಂಜಿನ್ ಓಡುತ್ತಲೇ ಇರುತ್ತದೆ.

ಗೇರ್‌ಬಾಕ್ಸ್ ಆಯಿಲ್ ‘ಜೀವಮಾನಕ್ಕೆ ಒಂದೇ ಸಲ’ ಎಂಬುದು ಇನ್ನೊಂದು ಮಾತು. ಯಾರ ಜೀವಮಾನ ಎಂಬುದೇ ಪ್ರಶ್ನೆ. ಬಿಎಂಡಬ್ಲ್ಯು ಎಕ್ಸ್3, ಎಕ್ಸ್5ಗಳಲ್ಲಿರುವ ಎಂಟು ಗೇರಿನ ಪೆಟ್ಟಿಗೆಯನ್ನು ತಯಾರಿಸುವ ಝಡ್‌ಎಫ್ ಕಂಪನಿಯೇ 80,000–1,20,000 ಕಿ.ಮೀ. ಅಥವಾ ಎಂಟು ವರ್ಷಕ್ಕೆ ಆಯಿಲ್ ಬದಲಿಸಿ ಎನ್ನುತ್ತದೆ. ಇದರ ಫಿಲ್ಟರ್ ಪ್ಲಾಸ್ಟಿಕ್ ತಟ್ಟೆಯೊಳಗೇ ಕೂತಿರುವುದರಿಂದ ತಟ್ಟೆ ಸಮೇತ ಬದಲಿಸಬೇಕು. ಮಟ್ಟ ನೋಡುವುದು ಎಂಜಿನ್ ಚಾಲೂ ಇಟ್ಟು, ಗೇರ್ ಆಯಿಲ್ ನಿಗದಿತ ಉಷ್ಣತೆಯಲ್ಲಿರುವಾಗ. ಗಾಡಿಯ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಹಚ್ಚದೆ ಅಂದಾಜಿನಲ್ಲಿ ತುಂಬುವ ಗ್ಯಾರೇಜಿಗೆ ಈ ಕೆಲಸ ಕೊಡಬೇಡಿ. ಕ್ಯೂ3ಯ ಏಳು ಗೇರಿನ ಡ್ಯುಯಲ್ ಕ್ಲಚ್ ಪೆಟ್ಟಿಗೆ ಎಣ್ಣೆಯಲ್ಲಿ ಮುಳುಗಿದ ಜಾತಿಯದು, ಗಟ್ಟಿ. ಆದರೆ 60,000 ಕಿ.ಮೀ.ಗೊಮ್ಮೆ ಆಯಿಲ್–ಫಿಲ್ಟರ್ ಆಗಲೇಬೇಕು. ಕಾಗದಪತ್ರದಲ್ಲಿ ಅದರ ದಾಖಲೆ ಇಲ್ಲದಿದ್ದರೆ ಆಗಿಲ್ಲ ಎಂದೇ ತಿಳಿಯಿರಿ.

ಇನ್ನು ಗಾಳಿಚೀಲ. ಮರ್ಸಿಡೀಸ್ ಎಂಎಲ್, ಜಿಎಲ್, ಜಿಎಲ್‌ಎಸ್, ರೇಂಜ್ ರೋವರ್, ಆಡಿ ಕ್ಯೂ7, ವೋಲ್ವೊ ಎಕ್ಸ್‌ಸಿ90 ಇವುಗಳ ಹಲವು ಮಾದರಿಗಳಲ್ಲಿ ಉಕ್ಕಿನ ಸ್ಪ್ರಿಂಗಿನ ಜಾಗದಲ್ಲಿ ರಬ್ಬರ್ ಚೀಲಗಳಿರುತ್ತವೆ. ಒಂದು ಕಂಪ್ರೆಸರ್ ಗಾಳಿ ತುಂಬುತ್ತದೆ, ವಾಲ್ವ್ ಬ್ಲಾಕ್ ಅದನ್ನು ನಾಲ್ಕು ಮೂಲೆಗೆ ಹಂಚುತ್ತದೆ, ಸೆನ್ಸರುಗಳು ಎತ್ತರ ಅಳೆಯುತ್ತವೆ. ಹೊಸತರಲ್ಲಿ ಕುಳಿತರೆ ಮೋಡದ ಮೇಲೆ ತೇಲಿದ ಹಾಗೆ. ಏಳೆಂಟು ವರ್ಷಕ್ಕೆ ರಬ್ಬರ್ ಮಡಿಕೆಗಳಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟು ಗಾಳಿ ನಿಧಾನವಾಗಿ ಸೋರತೊಡಗುತ್ತದೆ. ರಾತ್ರಿ ಸರಿಯಾಗಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಒಂದು ಮೂಲೆಗೆ ಕುಸಿದಿರುತ್ತದೆ. ಸ್ಟಾರ್ಟ್ ಮಾಡಿದೊಡನೆ ಎದ್ದು ನಿಲ್ಲುವುದರಿಂದ ಮಾಲೀಕರು ಮರೆಯುತ್ತಾರೆ. ಅಷ್ಟರಲ್ಲಿ ಆ ಸೋರಿಕೆಯನ್ನು ತುಂಬಲು ಕಂಪ್ರೆಸರ್ ಮಿತಿಮೀರಿ ದುಡಿದು, ಬಿಸಿಯಾಗಿ, ಒಂದು ದಿನ ಸುಟ್ಟುಹೋಗುತ್ತದೆ. ಹೀಗೆ ಒಂದು ಚೀಲದ ಖರ್ಚು ಚೀಲ ಮತ್ತು ಕಂಪ್ರೆಸರಿನ ಖರ್ಚಾಗುತ್ತದೆ.

ಕೊಳ್ಳುವ ಮುಂಚೆ ಇದನ್ನು ಪತ್ತೆಹಚ್ಚಲು ಟೇಪು ಸಾಕು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಪ್ರತಿ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದು ಬರೆದುಕೊಳ್ಳಿ. ಮರುದಿನ ಸ್ಟಾರ್ಟ್ ಮಾಡುವ ಮೊದಲು ಮತ್ತೆ ಅಳೆಯಿರಿ. ಒಂದು ಮೂಲೆ ಮಾತ್ರ ಕಣ್ಣಿಗೆ ಕಾಣುವಷ್ಟು ಇಳಿದಿದ್ದರೆ ಆ ಚೀಲವೋ ಅದರ ಪೈಪಿನ ಜೋಡಣೆಯೋ ಸೋರುತ್ತಿದೆ. ಸೋಪಿನ ನೀರು ಸಿಂಪಡಿಸಿದರೆ ಗುಳ್ಳೆ ಜಾಗ ತೋರಿಸುತ್ತದೆ. ಚೀಲ ಬದಲಿಸುವಾಗ ಕಂಪ್ರೆಸರನ್ನು ಚಾಲೂ–ಬಂದ್ ಮಾಡುವ ಸ್ವಿಚ್ಚಾದ ರಿಲೇಯನ್ನೂ ಬದಲಿಸಿ. ಅದು ಅಂಟಿಕೊಂಡರೆ ಹೊಸ ಕಂಪ್ರೆಸರೂ ನಿಲ್ಲದೆ ಓಡಿ ಸಾಯುತ್ತದೆ. ಕಾಯಿಲ್ ಸ್ಪ್ರಿಂಗಿಗೆ ಬದಲಾಯಿಸಿಕೊಡುತ್ತೇವೆ ಎನ್ನುವವರಿದ್ದಾರೆ. ಮಾಡಬಹುದು, ಆದರೆ ಗಾಡಿಯ ನಡೆ ಕೆಡುತ್ತದೆ, ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪ ಆರಿಸಲು ಬೇರೆ ಕಸರತ್ತು ಬೇಕು. ಅದರ ಬದಲು ಕಾಯಿಲ್ ಸ್ಪ್ರಿಂಗಿನ ಗಾಡಿಯನ್ನೇ ಕೊಳ್ಳುವುದು ಜಾಣತನ. ಎಕ್ಸ್1, ಎಕ್ಸ್3, ಕ್ಯೂ3, ಎಕ್ಸ್‌ಸಿ40, ಲೆಕ್ಸಸ್ ಎನ್‌ಎಕ್ಸ್ ಎಲ್ಲವೂ ಅಂಥವೇ.

ಕಾಯಿಲ್ ಗಾಡಿಗಳಲ್ಲೂ ನಮ್ಮ ಗುಂಡಿಗಳಿಗೆ ಮೊದಲು ಬಲಿಯಾಗುವುದು ಚಕ್ರವನ್ನು ಗಾಡಿಗೆ ಜೋಡಿಸುವ ಲೋವರ್ ಆರ್ಮಿನ ರಬ್ಬರ್ ಬುಷ್. ಹಲವು ಜರ್ಮನ್ ಗಾಡಿಗಳಲ್ಲಿ ಇದರೊಳಗೆ ದ್ರವ ತುಂಬಿರುತ್ತದೆ. ರಬ್ಬರ್ ಹರಿದು ದ್ರವ ಸೋರಿದರೆ ಬ್ರೇಕ್ ಹಿಡಿದಾಗ ಸ್ಟೀರಿಂಗ್ ನಡುಗುತ್ತದೆ, ಹಂಪ್ ದಾಟುವಾಗ ‘ಟಕ್’ ಎನ್ನುತ್ತದೆ. ಎರಡೂ ಬದಿ ಒಟ್ಟಿಗೆ ಬದಲಿಸಿ. ಬಹಳ ಗ್ಯಾರೇಜುಗಳು ತಪ್ಪುವ ಒಂದು ಸಣ್ಣ ವಿಷಯವಿದೆ: ಗಾಡಿ ಲಿಫ್ಟಿನಲ್ಲಿ ನೇತಾಡುವಾಗಲೇ ಆರ್ಮಿನ ಬೋಲ್ಟನ್ನು ಪೂರ್ತಿ ಬಿಗಿದುಬಿಡುತ್ತಾರೆ. ಕೆಳಗಿಳಿಸಿದಾಗ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಚಕ್ರದ ಮೇಲೆ ಭಾರ ಬಿದ್ದ ಎತ್ತರದಲ್ಲಿ ಕೊನೆಯ ಬಿಗಿತ ಆಗಬೇಕು, ಆಮೇಲೆ ಅಲೈನ್‌ಮೆಂಟ್.

ಡೀಸೆಲ್ ಗಾಡಿಯ ಹೊಗೆ ಸೋಸುವ ಡಿಪಿಎಫ್ ಬಗ್ಗೆ ಡೀಲರುಗಳು ಮಾರುವಾಗ ಮಾತೆತ್ತುವುದಿಲ್ಲ. 2020ರ ಏಪ್ರಿಲ್ 1ರ ಬಿಎಸ್ 6 ಹೊಗೆ ಮಾಲಿನ್ಯ ನಿಯಮದ ನಂತರ ಇದು ಈ ದರ್ಜೆಯ ಎಲ್ಲ ಡೀಸೆಲ್‌ಗಳಲ್ಲೂ ಇದೆ, ಹಲವು ಐಷಾರಾಮಿ ಗಾಡಿಗಳಲ್ಲಿ ಅದಕ್ಕೂ ಮೊದಲೇ ಇತ್ತು. ಮಸಿ ತುಂಬಿದಾಗ ಎಂಜಿನ್ ಹೆಚ್ಚು ಡೀಸೆಲ್ ಸುರಿದು ಫಿಲ್ಟರಿನ ಉಷ್ಣತೆಯನ್ನು ಸುಮಾರು 600 ಡಿಗ್ರಿಗೆ ಏರಿಸಿ ಮಸಿಯನ್ನು ಸುಡುತ್ತದೆ. ಇದಕ್ಕೆ ಒಂದೇ ಸಮನೆ 20 ನಿಮಿಷದಷ್ಟು ಓಟ ಬೇಕು. ಮನೆಯಿಂದ ಆಫೀಸಿಗೆ 6 ಕಿ.ಮೀ., ಅದೂ ತೆವಳುತ್ತಾ ಹೋಗುವ ಗಾಡಿಗೆ ಆ ಅವಕಾಶವೇ ಸಿಗುವುದಿಲ್ಲ. ಸುಡುವ ಕೆಲಸ ಅರ್ಧಕ್ಕೆ ನಿಂತಾಗಲೆಲ್ಲ ಉರಿಯದ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಇಳಿದು ಎಂಜಿನ್ ಆಯಿಲ್ಲಿಗೆ ಸೇರುತ್ತದೆ. ಆಯಿಲ್ ಮಟ್ಟ ಕಡಿಮೆಯಾಗುವ ಬದಲು ಏರುತ್ತಾ ಹೋದರೆ ಖುಷಿಪಡಬೇಡಿ, ಆಯಿಲ್ ತೆಳ್ಳಗಾಗಿ ಬೇರಿಂಗು ಮತ್ತು ಚೈನನ್ನು ತಿನ್ನುತ್ತಿದೆ. ಲ್ಯಾಂಡ್ ರೋವರಿನ 2 ಲೀಟರ್ ಇಂಜೀನಿಯಂ ಡೀಸೆಲ್ ಈ ದೋಷಕ್ಕೆ ಹೆಸರಾದದ್ದು.

ಮಸಿ ಸುಟ್ಟುಹೋಗುತ್ತದೆ, ಬೂದಿ ಹೋಗುವುದಿಲ್ಲ. ಬೂದಿ ಬರುವುದು ಎಂಜಿನ್ ಆಯಿಲ್ಲಿನಿಂದ. ಆದ್ದರಿಂದ ಡಬ್ಬದ ಮೇಲೆ 5ಡಬ್ಲ್ಯು-30 ಎಂದು ಆಯಿಲ್ಲಿನ ದಪ್ಪ ಬರೆದಿದ್ದರೆ ಸಾಲದು. ಬಿಎಂಡಬ್ಲ್ಯುಗೆ ಎಲ್‌ಎಲ್-04, ಮರ್ಸಿಡೀಸಿಗೆ 229.51 ಅಥವಾ 229.52, ಆಡಿಗೆ 507.00 ಎಂಬಂಥ, ಕಡಿಮೆ ಬೂದಿಯ ಆಯಿಲ್ಲಿಗೆ ಕಾರು ಕಂಪನಿ ಕೊಡುವ ಒಪ್ಪಿಗೆಯ ಸಂಖ್ಯೆ ಇರಬೇಕು. ನಿಮ್ಮ ವರ್ಷದ ಮಾದರಿಗೆ ಯಾವುದೆಂಬುದು ಕೈಪಿಡಿಯಲ್ಲಿದೆ. ಜೊತೆಗೆ, ಹೊಗೆಯ ವಿಷಾನಿಲ ತಗ್ಗಿಸಲು ಹಲವು ಡೀಸೆಲ್‌ಗಳಲ್ಲಿ ಸಿಂಪಡಿಸುವ, ಶೇ 32.5 ಯೂರಿಯಾ ಇರುವ ಆಡ್‌ಬ್ಲೂ ದ್ರಾವಣ. ಅದು ಹರಳುಗಟ್ಟಿ ಸಿಂಪಡಿಸುವ ನಳಿಕೆ ಕಟ್ಟಿಕೊಂಡರೆ ‘ಇಷ್ಟು ಕಿ.ಮೀ. ನಂತರ ಸ್ಟಾರ್ಟ್ ಆಗುವುದಿಲ್ಲ’ ಎಂದು ಪರದೆ ಎಣಿಕೆ ಶುರುಮಾಡುತ್ತದೆ. ವಾರಕ್ಕೊಮ್ಮೆಯಾದರೂ ಹುಬ್ಬಳ್ಳಿ, ಮಂಗಳೂರು ಕಡೆ ಓಡುವವರಿಗೆ ಡೀಸೆಲ್ ಸರಿ. ನಗರದೊಳಗೇ ಸುತ್ತುವವರು ಪೆಟ್ರೋಲ್ ಅಥವಾ ಹೈಬ್ರಿಡ್ ನೋಡಲಿ.

ಹೈಬ್ರಿಡ್ ಎಂದರೆ ಇಲ್ಲಿ ಲೆಕ್ಸಸ್. 2017ರಲ್ಲಿ ಭಾರತಕ್ಕೆ ಬಂದ ಈ ಬ್ರ್ಯಾಂಡು ಟೊಯೊಟಾದ್ದೇ. ಎನ್‌ಎಕ್ಸ್ 300ಎಚ್ ಒಳಗಿರುವ 2.5 ಲೀಟರ್ ಪೆಟ್ರೋಲ್ ಹೈಬ್ರಿಡ್ ಎಂಜಿನ್ ನಮ್ಮ ಬಿಡದಿಯಲ್ಲಿ ಜೋಡಣೆಯಾಗುತ್ತಿದ್ದ ಹಳೆಯ ಕ್ಯಾಮ್ರಿ ಹೈಬ್ರಿಡ್‌ನ ಮನೆತನದ್ದೇ. ಖರ್ಚು ಕಡಿಮೆಯಾಗುವ ಗುಟ್ಟು ಅದರಲ್ಲಿ ಏನಿದೆ ಎಂಬುದಕ್ಕಿಂತ ಏನಿಲ್ಲ ಎಂಬುದರಲ್ಲಿದೆ. ಟರ್ಬೊ ಇಲ್ಲ. ಸ್ಟಾರ್ಟರ್ ಮೋಟರ್ ಇಲ್ಲ, ಆಲ್ಟರ್ನೇಟರ್ ಇಲ್ಲ. ವಾಟರ್ ಪಂಪು, ಎಸಿ ಕಂಪ್ರೆಸರ್ ಎರಡೂ ವಿದ್ಯುತ್ತಿನವು, ಹಾಗಾಗಿ ಅವನ್ನು ತಿರುಗಿಸುವ ಬೆಲ್ಟೂ ಇಲ್ಲ. ಗೇರ್‌ಬಾಕ್ಸ್ ಎನ್ನುವುದು ಎರಡು ಮೋಟರಿನ ಜೊತೆ ಸದಾ ಕಚ್ಚಿಕೊಂಡಿರುವ ಗ್ರಹಚಕ್ರದ ಗೇರುಗಳ ಗುಂಪು, ಸವೆಯಲು ಕ್ಲಚ್ಚೇ ಇಲ್ಲ. ವೇಗ ತಗ್ಗಿಸುವ ಕೆಲಸ ಬಹುಪಾಲು ಮೋಟರೇ ಮಾಡುವುದರಿಂದ ಬ್ರೇಕ್ ಪ್ಯಾಡು ಮಾಮೂಲಿ ಗಾಡಿಗಿಂತ ಬಹಳ ಕಾಲ ಬರುತ್ತದೆ.

ಕೆಡುವುದೇ ಇಲ್ಲವೆಂದಲ್ಲ. ದೊಡ್ಡ ಬ್ಯಾಟರಿಯನ್ನು ತಂಪಾಗಿಡುವ ಫ್ಯಾನ್ ಗಾಳಿ ಎಳೆಯುವುದು ಹಿಂದಿನ ಸೀಟಿನ ಬಳಿಯ ಕಿಂಡಿಯಿಂದ. ಅಲ್ಲಿ ಬ್ಯಾಗು, ಬೆಡ್‌ಶೀಟು ತುರುಕಿದರೆ, ನಾಯಿಯ ಕೂದಲು–ಧೂಳು ಜಾಲರಿಗೆ ಕಟ್ಟಿದರೆ ಬ್ಯಾಟರಿ ಬಿಸಿಯಾಗಿ ಆಯುಸ್ಸು ಕಳೆದುಕೊಳ್ಳುತ್ತದೆ. ಜಾಲರಿ ಸ್ವಚ್ಛಗೊಳಿಸುವುದಕ್ಕೆ ಹತ್ತು ನಿಮಿಷ ಸಾಕು, ಪ್ರತಿ ಸರ್ವಿಸಿನಲ್ಲೂ ಕೇಳಿ ಮಾಡಿಸಿ. ಬ್ಯಾಟರಿಯೊಳಗಿನ ಕೆಟ್ಟ ತುಂಡನ್ನಷ್ಟೇ ಬದಲಿಸಿಕೊಡುವ ಅಗ್ಗದ ದುರಸ್ತಿಗೆ ಮರುಳಾಗಬೇಡಿ, ಪಕ್ಕದ ತುಂಡುಗಳೂ ಅದೇ ವಯಸ್ಸಿನವು, ತಿಂಗಳುಗಳಲ್ಲಿ ಅವೂ ಸಾಲು ಹಿಡಿಯುತ್ತವೆ. ಬ್ರೇಕ್ ಕಡಿಮೆ ಬಳಕೆಯಾಗುವುದರಿಂದ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ನುಗಳು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ವರ್ಷಕ್ಕೊಮ್ಮೆ ಬಿಚ್ಚಿ ಗ್ರೀಸ್ ಹಾಕಿಸಿ. ಬ್ಯಾಟರಿಯ ವಿದ್ಯುತ್ತನ್ನು ಮೋಟರಿಗೆ ಹೊಂದಿಸುವ ಇನ್ವರ್ಟರಿಗೆ ಪ್ರತ್ಯೇಕ ಕೂಲಂಟ್ ಇದೆಯೆಂಬುದನ್ನು ಹೊರಗಿನ ಗ್ಯಾರೇಜುಗಳು ಮರೆಯುತ್ತವೆ.

2024ರ ಫೆಬ್ರುವರಿಯಿಂದ ಮಾರಾಟವಾದ ಹೊಸ ಲೆಕ್ಸಸ್‌ಗಳಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಇದೆ. ತೊಡಕು ಎರಡು. ಅಧಿಕೃತ ಸರ್ವಿಸ್ ದೊಡ್ಡ ನಗರಗಳಲ್ಲಷ್ಟೇ, ಕಲಬುರಗಿಯವರಿಗೆ ಬಂಪರ್ ಬೇಕಾದರೂ ದೂರದ ದಾರಿ. ಮತ್ತೆ, ಸೆಕೆಂಡ್ ಹ್ಯಾಂಡಿನಲ್ಲಿ ಲೆಕ್ಸಸ್ ಅಪರೂಪ, ಬೆಲೆಯೂ ಜರ್ಮನ್ ಗಾಡಿಯಷ್ಟು ಕುಸಿಯುವುದಿಲ್ಲ. ದುರಸ್ತಿಯಲ್ಲಿ ಉಳಿಯುವ ಹಣದ ಒಂದು ಪಾಲನ್ನು ಕೊಳ್ಳುವಾಗಲೇ ಕೊಟ್ಟಿರುತ್ತೀರಿ. ಐಷಾರಾಮ ಅಷ್ಟೇನೂ ಬೇಡ, ಊರೂರಲ್ಲಿ ಮೆಕ್ಯಾನಿಕ್ ಸಿಗಬೇಕು ಎನ್ನುವವರು ಫಾರ್ಚೂನರ್‌ಗೆ ಹೋಗುವುದು ಇದಕ್ಕೇ. ಅದೂ ದೋಷಮುಕ್ತವಲ್ಲ: ಅದರಲ್ಲಿರುವ 2.8 ಲೀಟರ್ ಡೀಸೆಲ್ಲಿನ ಡಿಪಿಎಫ್ ವಿಚಾರದಲ್ಲಿ ಆಸ್ಟ್ರೇಲಿಯದ ಮಾಲೀಕರು ಟೊಯೊಟಾ ವಿರುದ್ಧ ಕೋರ್ಟಿಗೆ ಹೋಗಿ 2022ರಲ್ಲಿ ಗೆದ್ದಿದ್ದರು.

ಯಾವ ಬ್ರ್ಯಾಂಡಾದರೂ ಸರಿ, ಕೆಲವು ಚಿಲ್ಲರೆ ನಿರ್ಲಕ್ಷ್ಯಗಳು ದೊಡ್ಡ ಬಿಲ್ ಹುಟ್ಟಿಸುತ್ತವೆ. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ, ಬಿಎಂಡಬ್ಲ್ಯು ಎಕ್ಸ್‌ಡ್ರೈವ್‌ನಂಥ ಗಾಡಿಗೆ ಒಂದೇ ಹೊಸ ಟೈರ್ ಹಾಕಿದರೆ, ಬಟನ್ ಆಳದ ವ್ಯತ್ಯಾಸದಿಂದ ಚಕ್ರಗಳ ಸುತ್ತಳತೆ ಬೇರೆಯಾಗಿ ಮುಂದಿನ–ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಕ್ಲಚ್ ಸದಾ ಜಾರುತ್ತಿರುತ್ತದೆ. ನಾಲ್ಕನ್ನೂ ಒಂದೇ ಕಂಪನಿ, ಒಂದೇ ಮಾದರಿಯಲ್ಲಿ ಒಟ್ಟಿಗೆ ಬದಲಿಸಿ. ಪನೋರಮಾ ಸನ್‌ರೂಫಿನ ನಾಲ್ಕು ಮೂಲೆಯಲ್ಲಿ ಮಳೆನೀರು ಇಳಿಯುವ ಸಣ್ಣ ಕೊಳವೆಗಳಿವೆ. ಮರದಡಿ ನಿಲ್ಲಿಸಿದ ಗಾಡಿಯಲ್ಲಿ ಎಲೆ–ಹೂವು ಕಟ್ಟಿಕೊಂಡು ನೀರು ಒಳಗಿಳಿದು ಕಾರ್ಪೆಟ್ಟಿನಡಿಯ ಎಲೆಕ್ಟ್ರಾನಿಕ್ ಪೆಟ್ಟಿಗೆಗಳನ್ನು ನೆನೆಸುತ್ತದೆ. ಮುಂಗಾರಿಗೆ ಮುಂಚೆ ಮೂಲೆಗೊಂದು ಲೋಟ ನೀರು ನಿಧಾನ ಸುರಿದು ಚಕ್ರದ ಬಳಿ ಇಳಿಯುತ್ತದೆಯೇ ನೋಡಿ. ಕಟ್ಟಿದ್ದರೆ ಜೋರು ಗಾಳಿ ಊದಬೇಡಿ, ಕೊಳವೆ ಒಳಗೇ ಕಳಚಿಕೊಳ್ಳುತ್ತದೆ, ತೆಳು ನೈಲಾನ್ ತಂತಿ ಸಾಕು. ಕೂಲಂಟ್ ಕಡಿಮೆಯಾದಾಗ ಬೋರ್‌ವೆಲ್ ನೀರು ಸುರಿಯುವುದು ಇನ್ನೊಂದು ಚಾಳಿ. ಆ ಗಡಸು ನೀರು ರೇಡಿಯೇಟರಿನಲ್ಲಿ ಸುಣ್ಣ ಕಟ್ಟಿಸುತ್ತದೆ. ಸಿಗ್ನಲ್ಲಿನಲ್ಲಿ ಎಂಜಿನ್ ತಾನೇ ನಿಂತು ಹೊರಡುವ ಸ್ಟಾರ್ಟ್–ಸ್ಟಾಪ್ ಗಾಡಿಗೆ ಅದಕ್ಕೆಂದೇ ಮಾಡಿದ, ಎಜಿಎಂನಂಥ ಬ್ಯಾಟರಿಯೇ ಬೇಕು, ಬಿಎಂಡಬ್ಲ್ಯುವಿನಲ್ಲಿ ಹೊಸ ಬ್ಯಾಟರಿಯನ್ನು ಸ್ಕ್ಯಾನರಿನಿಂದ ದಾಖಲಿಸಲೂಬೇಕು, ಇಲ್ಲದಿದ್ದರೆ ಹಳೆಯದೇ ಇದೆಯೆಂದು ತಿಳಿದು ತಪ್ಪಾಗಿ ಚಾರ್ಜ್ ಮಾಡುತ್ತದೆ.

ಬಿಡಿಭಾಗ ಎಲ್ಲವನ್ನೂ ಶೋರೂಮಿನಲ್ಲೇ ಕೊಳ್ಳಬೇಕಿಲ್ಲ. ಜರ್ಮನ್ ಗಾಡಿಯ ಆರ್ಮು ಲೆಮ್‌ಫೋರ್ಡರ್, ಶಾಕ್ ಅಬ್ಸಾರ್ಬರ್ ಸ್ಯಾಕ್ಸ್, ಫಿಲ್ಟರ್ ಮಾನ್ ಅಥವಾ ಮಾಲೆ, ಇಂಜೆಕ್ಟರ್ ಬಾಷ್ ಕಂಪನಿಯದಾಗಿರುವುದು ಸಾಮಾನ್ಯ. ಕಾರು ಕಂಪನಿಯ ಡಬ್ಬವಿಲ್ಲದೆ ಅದೇ ತಯಾರಕರ ಡಬ್ಬದಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವಾಗ ‘ಎಕ್ಸ್3 ಆರ್ಮ್ ಕೊಡಿ’ ಎನ್ನುವ ಬದಲು ಗಾಡಿಯ 17 ಅಕ್ಷರದ ಚಾಸಿಸ್ ಸಂಖ್ಯೆಯಿಂದ ಭಾಗದ ನಂಬರ್ ತೆಗೆದುಕೊಂಡು ಹೋಗಿ. ಫಿಲ್ಟರ್ ಮತ್ತು ಬ್ರೇಕ್ ಪ್ಯಾಡಿನಲ್ಲಿ ನಕಲಿ ಮಾಲು ಹೆಚ್ಚು, ಬಿಲ್ ಇಲ್ಲದೆ ಕೊಳ್ಳಬೇಡಿ.

ಕೊಳ್ಳುವ ಗಾಡಿ ಗೊತ್ತಾದ ಮೇಲೆ ಅದೇ ಚಾಸಿಸ್ ಸಂಖ್ಯೆ ಹಿಡಿದು ಅಧಿಕೃತ ಡೀಲರಿನ ಪಾರ್ಟ್ಸ್ ಕೌಂಟರಿಗೆ ಫೋನ್ ಮಾಡಿ ಆರು ಬೆಲೆ ಕೇಳಿ: ಒಂದು ಹೆಡ್‌ಲ್ಯಾಂಪು, ಕ್ಯಾಮೆರಾ ಇರುವ ಮುಂದಿನ ಗಾಜು, ಟರ್ಬೊ, ಡಿಪಿಎಫ್ ಅಥವಾ ಹೈಬ್ರಿಡ್ ಬ್ಯಾಟರಿ, ಒಂದು ಶಾಕ್ ಅಬ್ಸಾರ್ಬರ್ ಅಥವಾ ಗಾಳಿಚೀಲ, ಗೇರ್ ಬದಲಾವಣೆ ನಿಯಂತ್ರಿಸುವ ಗೇರ್‌ಬಾಕ್ಸಿನ ಮೆಕಾಟ್ರಾನಿಕ್ ಘಟಕ. ಇವುಗಳಲ್ಲಿ ಯಾವುದೇ ಎರಡರ ಮೊತ್ತ ಕೈಯಿಂದ ಕೊಡಲಾಗದಷ್ಟಿದ್ದರೆ ಆ ಗಾಡಿ ನಿಮ್ಮದಲ್ಲ. ವಾರಂಟಿ ಮುಗಿದ ಜರ್ಮನ್ ಗಾಡಿಗೆ ವರ್ಷಕ್ಕೆ ತೆಗೆದಿಡಬೇಕಾದದ್ದು ನಮ್ಮ ಅಂದಾಜಿನಲ್ಲಿ ಅದರ ಹೊಸ ಮಾದರಿಯ ಬೆಲೆಯ ಶೇ 3. ಕೊಟ್ಟ ಸೆಕೆಂಡ್ ಹ್ಯಾಂಡ್ ಬೆಲೆಯ ಮೇಲೆ ಆ ಲೆಕ್ಕ ಹಾಕಬೇಡಿ. ವಿಮೆಯಲ್ಲಿ ಎಂಜಿನ್ ಪ್ರೊಟೆಕ್ಟ್ ಸೇರಿಸಿ, ಅಂಡರ್‌ಪಾಸಿನ ನೀರು ಎಂಜಿನ್ನಿಗೆ ಹೊಕ್ಕರೆ ಸಾಮಾನ್ಯ ಪಾಲಿಸಿ ಕೈಕೊಡಬಹುದು.

ದಿಲ್ಲಿಯಿಂದ ಬಂದ ಡೀಸೆಲ್ ಗಾಡಿ ಬಹಳ ಅಗ್ಗವಾಗಿ ಕಾಣುತ್ತದೆ. ಅಲ್ಲಿ 10 ವರ್ಷ ಮೀರಿದ ಡೀಸೆಲ್ ಮೇಲೆ 2015ರಿಂದ ಇದ್ದ ನಿರ್ಬಂಧವೇ ಅದಕ್ಕೆ ಕಾರಣ. ಇಲ್ಲಿ 12 ತಿಂಗಳು ಮೀರಿ ಇಟ್ಟುಕೊಂಡರೆ ಕೆಎ ನಂಬರಿಗೆ ಬದಲಿಸಬೇಕು, ಜೀವಾವಧಿ ತೆರಿಗೆ ಕಟ್ಟಬೇಕು, ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ತರಬೇಕು. ಇವನ್ನೆಲ್ಲ ಕೂಡಿಸಿದ ಮೇಲೆ ಉಳಿತಾಯ ಎಷ್ಟು ಮಿಕ್ಕಿತು ನೋಡಿ.

ಗಾಡಿ ನೋಡಲು ಬೆಳಿಗ್ಗೆ ಹೋಗಿ, ರಾತ್ರಿಯೆಲ್ಲ ನಿಂತ ಎಂಜಿನ್ನನ್ನೇ ಸ್ಟಾರ್ಟ್ ಮಾಡಿಸಿ. ಮೊದಲ ಎರಡು ಮೂರು ಸೆಕೆಂಡಿನ ಚೈನ್ ಸದ್ದು ಬಿಸಿ ಎಂಜಿನ್ನಿನಲ್ಲಿ ಕೇಳಿಸುವುದಿಲ್ಲ. ಆಮೇಲೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ವೃತ್ತ ಹಾಕಿ, ಕೆಳಗಿಂದ ಜಗ್ಗಿದಂತಾದರೆ ಟ್ರಾನ್ಸ್‌ಫರ್ ಕೇಸ್ ಅನುಮಾನ. ಸ್ಕ್ಯಾನರ್ ಹಚ್ಚಿ ಎಂಜಿನ್ ಜೊತೆಗೆ ಎಲ್ಲ ಮಾಡ್ಯೂಲ್‌ಗಳನ್ನೂ, ಅಂದರೆ ಗಾಡಿಯೊಳಗಿನ ಬೇರೆ ಬೇರೆ ಪುಟ್ಟ ಕಂಪ್ಯೂಟರುಗಳನ್ನೂ, ಓದಿಸಿ. ದೋಷಗಳು ಆಗತಾನೇ ಅಳಿಸಿದ ಹಾಗೆ ಖಾಲಿಯಾಗಿದ್ದರೆ ಅದೂ ಒಂದು ಸುಳಿವು. ಓಡಿದ ಕಿ.ಮೀ. ಸಂಖ್ಯೆ ಬೇರೆ ಬೇರೆ ಮಾಡ್ಯೂಲ್‌ಗಳಲ್ಲಿ ಒಂದೇ ಇದೆಯೇ, ಡಿಪಿಎಫ್‌ನಲ್ಲಿ ಬೂದಿ ಎಷ್ಟು ತುಂಬಿದೆ ಎಂಬುದನ್ನು ಬರೆದುಕೊಳ್ಳಿ. ನೀವು ತಲುಪಿದಾಗ ಬಾನೆಟ್ ಬೆಚ್ಚಗಿದ್ದು ಮಾಲೀಕರು ‘ಈಗಷ್ಟೇ ತೊಳೆಸಿಕೊಂಡು ಬಂದೆ’ ಎಂದರೆ, ಕಾಫಿ ಕುಡಿದು, ನಾಳೆ ಇನ್ನೂ ಬೇಗ ಬರುತ್ತೇನೆಂದು ಹೇಳಿ ಹೊರಡಿ.